ಬಾಯಿ ಹಚ್ಚಬೇಡ

ಲಾಳಿ ಮನೆಗೆ ಬಂದಾಗಿನಿಂದ ಮುದುಕಿ ಆ ಗೋಡೆಯ ಕಡೆ ಮುಖ ಮಾಡಿ ಮಲಗಿರಲಿಲ್ಲ.

ಇದ್ದದ್ದು ಒಂದೇ ಕೋಣೆ. ಮಿಲ್ಲಿನ ಲೈನ್ ಮನೆ. ಗೋಡೆಗೆ ಒಂದು ಹಲಗೆ ಬಡಿದಿತ್ತು. ಅದರ ಮೇಲೆ ಬಾಚಣಿಗೆ, ಔಷಧಿ ಬಾಟಲಿ, ಮೊಮ್ಮಗಳ ಪೌಡರ್ ಡಬ್ಬಿ. ಅವುಗಳ ಪಕ್ಕ ಬಿಳಿ ಬಟ್ಟೆಯಲ್ಲಿ ಸುತ್ತಿದ ಲಾಳಿ. ದೋಣಿಯ ಆಕಾರದ ಗಟ್ಟಿ ಮರ. ಎರಡೂ ತುದಿಗೆ ಕಬ್ಬಿಣದ ಮೊನೆ. ಹೊಟ್ಟೆಯಲ್ಲಿ ನೂಲು ಸುತ್ತಿದ ಬಾಬಿನ್ ಕೂರುವ ಗುಳಿ, ಪಕ್ಕೆಯಲ್ಲಿ ಸಣ್ಣದೊಂದು ತೂತು. ಮಗ್ಗದಲ್ಲಿ ಅತ್ತಿಂದಿತ್ತ ಓಡುತ್ತಾ ನೂಲು ಹಾಯಿಸುವುದು ಅದರ ಕೆಲಸ. ಈಗ ಕೆಲಸವಿಲ್ಲದೆ ಮುದುಕಿಯ ಮನೆಯಲ್ಲಿ ಹೆಣದ ಹಾಗೆ ಬಟ್ಟೆ ಸುತ್ತಿಕೊಂಡು ಬಿದ್ದಿತ್ತು.

ಮ್ಯಾನೇಜರ್ ತಾನೇ ಬಂದು ಕೊಟ್ಟುಹೋಗಿದ್ದ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆ ಜಾಗದಲ್ಲಿ ಅಂಗಡಿಗಳೂ ಗಾಜಿನ ಕಟ್ಟಡಗಳೂ ಎದ್ದಿದ್ದವು. ಮಗ್ಗದ ಶೆಡ್ಡೊಂದನ್ನು ಮಾತ್ರ ಕೆಡವದೆ, ಬಣ್ಣ ಬಳಿದು, ದೀಪ ಹಾಕಿ ಮ್ಯೂಸಿಯಂ ಮಾಡಿದ್ದರು. ಅದಕ್ಕೆ ಈತ ಮ್ಯಾನೇಜರ್. ಬಂದವರಿಗೆ ಮಗ್ಗ ತೋರಿಸಿ ವಿವರ ಹೇಳುವ ಕೆಲಸಕ್ಕೆ ಮುದುಕಿಯ ಮೊಮ್ಮಗಳು ಸೇರಿದ್ದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ಉದ್ಘಾಟನೆ ದಿನ ಸಣ್ಣ ಯಜಮಾನ್ರು ಬರ್ತಾರೆ, ಟಿವಿಯವರು ಬರ್ತಾರೆ," ಎಂದಿದ್ದ ಮ್ಯಾನೇಜರ್. "ನೀವು ಮಾಡ್ಬೇಕಾದ್ದು ಇಷ್ಟೇ ಅಜ್ಜಿ. ಲಾಳಿಗೆ ಬಾಯಿ ಹಚ್ಚಿ ನೂಲು ಎಳೀಬೇಕು. ಲಾಳಿ ಮುತ್ತು ಅಂತಿದ್ರಂತಲ್ಲ, ಅದೇ. ಆ ಕಾಲದವರು ಅಂತ ಉಳಿದಿರೋದು ನೀವೊಬ್ರೇ. ಹಾಗೇ ನಿಮ್ಮ ಮೊಮ್ಮಗಳಿಗೂ ಕಲಿಸಿಬಿಡಿ. ಆಮೇಲಿಂದ ದಿನಾ ಬರೋರಿಗೆ ಅವಳೇ ಮಾಡಿ ತೋರಿಸ್ತಾಳೆ. ಅದೊಂದು ಬಂದ್ರೆ ಅವಳ ಕೆಲಸ ಖಾಯಂ ಅಂತ್ಲೇ ತಿಳ್ಕೊಳ್ಳಿ."

"ಇದನ್ನ ತೊಳೆದಿದೀರಾ ಸರ್?" ಮೊಮ್ಮಗಳು ಕೇಳಿದಳು.

"ಏನಾಗಲ್ಲ ಬಿಡಮ್ಮ. ಅಷ್ಟು ಜನ ಬಾಯಿ ಹಚ್ಚಿಲ್ವಾ?"

ಮುದುಕಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾತಾಡದಿರುವುದನ್ನು ಒಪ್ಪಿಗೆ ಎಂದುಕೊಳ್ಳುವುದು ಮಿಲ್ಲಿನವರಿಗೆ ಮೊದಲಿನಿಂದಲೂ ಅಭ್ಯಾಸ. ಮ್ಯಾನೇಜರ್ ಸಂತೋಷದಿಂದಲೇ ಹೋದ.

ಉದ್ಘಾಟನೆಯ ಹಿಂದಿನ ಬೆಳಗ್ಗೆ ಮೊಮ್ಮಗಳು ಲಾಳಿ ಬಿಚ್ಚಿದಳು. ಬಾಬಿನ್ ಕೂರಿಸಿದಳು. ನೂಲಿನ ತುದಿಯನ್ನು ಒಳಗಿನಿಂದ ತೂತಿನ ಹತ್ತಿರ ಹಿಡಿದು, ಕನ್ನಡಿ ನೋಡಿ ನಕ್ಕು, ತುಟಿ ಮುಂದೆ ಮಾಡಿದಳು. ಬಾಗಿಲ ಬಳಿ ಕೂತಿದ್ದ ಮುದುಕಿ ಯಾವಾಗ ಎದ್ದಳೋ. ಕೈ ಬೀಸಿ ಹೊಡೆದಳು. ಲಾಳಿ ನೆಲಕ್ಕೆ ಬಿದ್ದು ಉರುಳಿತು.

"ಬಾಯಿ ಹಚ್ಬೇಡ!"

ಹುಟ್ಟಿದಾಗಿನಿಂದ ಅಜ್ಜಿ ಕೈ ಎತ್ತಿದ್ದನ್ನು ಆ ಹುಡುಗಿ ಕಂಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. "ಏನಾಗಿದೆ ಅಜ್ಜಿ ನಿನಗೆ? ಬಟ್ಟೆ ಅಂಗಡೀಲಿ ನಿಂತೂ ನಿಂತೂ ಕಾಲು ಊದಿಸ್ಕೊಂಡಿದ್ದೆ. ಈಗ ಕೂತು ಮಾತಾಡೋ ಕೆಲಸ ಸಿಕ್ಕಿದೆ. ಅದೂ ಹೋಗ್ಲಿ ಅಂತಾನಾ? ಅದರಲ್ಲಿದ್ದ ಕ್ರಿಮಿ ಯಾವ ಕಾಲಕ್ಕೋ ಸತ್ತಿರತ್ತೆ."

"ಕ್ರಿಮಿ ಸತ್ತಿರಬಹುದು. ಬಾಯಿ ಹಚ್ಚು ಅಂತ ಹೇಳೋರು ಸತ್ತಿಲ್ಲ."

"ನಿಮ್ಮಕ್ಕ ದೊಡ್ಡಜ್ಜಿ ವಿಷ್ಯಾನಾ? ಗೊತ್ತು. ಕೆಮ್ಮಿ ಕೆಮ್ಮಿ ಸತ್ಲು."

"ಸತ್ತಿದ್ದು ಗೊತ್ತು ನಿನಗೆ. ಕೊಂದಿದ್ದು ಗೊತ್ತಿಲ್ಲ. ಕೂತ್ಕೋ."

ಹುಡುಗಿ ಮುಖ ಊದಿಸಿಕೊಂಡೇ ಕೂತಳು. ಮುದುಕಿ ಹೇಳಿದಳು.

ಊರನ್ನು ಸೀಳಿಕೊಂಡು ಒಂದು ಕಾಲುವೆ ಹರಿಯುತ್ತಿತ್ತು. ಮಿಲ್ಲಿನ ಬಣ್ಣದ ನೀರೆಲ್ಲ ಅದಕ್ಕೇ ಬೀಳುತ್ತಿತ್ತು. ಕಾಲುವೆಯ ಈಚೆಗೆ ಊರು. ಆಚೆಗೆ ಇವರು. ಇವರಿಗೆ ಬೇರೆ ಹೆಸರಿರಲಿಲ್ಲ, ಕಾಲುವೆಯಾಚೆಯವರು ಎಂದರೆ ಸಾಕು, ಮುಖ ಸಿಂಡರಿಸಬೇಕಾದವರು ಸಿಂಡರಿಸುತ್ತಿದ್ದರು.

ಕಾಲುವೆಯಾಚೆಯವರಿಗೆ ಮಿಲ್ಲಿನಲ್ಲಿದ್ದದ್ದು ಒಂದೇ ಜಾಗ, ಹತ್ತಿ ಹಿಂಜುವ ಕೋಣೆ. ಕಿಟಕಿ ಇಲ್ಲ. ಹತ್ತಿಯ ಮೂಟೆ ಒಡೆಯಬೇಕು, ಬೀಜ ಕಸ ಆರಿಸಬೇಕು, ಯಂತ್ರದ ಬಾಯಿಗೆ ಉಣಿಸಬೇಕು. ದೂಳು ರೆಪ್ಪೆಯ ಮೇಲೆ ಕೂತು ಕಣ್ಣು ಭಾರವಾಗುತ್ತಿತ್ತು. ಉಗುಳಿದರೆ ಹತ್ತಿ ಬರುತ್ತಿತ್ತು. ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತಿತ್ತು. ಹಿಂಜುವ ಕೋಣೆಯಿಂದ ಬಡ್ತಿ ಸಿಕ್ಕಿದರೆ ಸುಡುಗಾಡಿಗೇ ಎಂದು ಅಲ್ಲಿಯವರೇ ತಮಾಷೆ ಮಾಡುತ್ತಿದ್ದರು.

ಬೆಳಕು, ಗಾಳಿ, ಒಳ್ಳೆಯ ಕೂಲಿ ಎಲ್ಲ ಇದ್ದದ್ದು ಮಗ್ಗದ ಶೆಡ್ಡಿನಲ್ಲಿ. ಕಾಲುವೆಯಾಚೆಯವರು ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಕಾರಣ ಲಾಳಿ. ಬಾಬಿನ್ ಮುಗಿದಾಗಲೆಲ್ಲ ಹೊಸದನ್ನು ಕೂರಿಸಿ, ತೂತಿಗೆ ಬಾಯಿ ಹಚ್ಚಿ, ಉಸಿರು ಒಳಗೆಳೆದು ನೂಲನ್ನು ಹೊರಗೆ ಹೀರಬೇಕು. ದಿನವಿಡೀ ಅದೇ. ನೂಲಿನ ಜೊತೆ ದೂಳು, ಎಣ್ಣೆ, ಬಣ್ಣ ಎಲ್ಲ ಬಾಯಿಗೆ. ಒಂದು ಲಾಳಿ, ಮೂರು ಪಾಳಿ. ಬೆಳಗಿನವಳು ಹೀರಿದ್ದನ್ನು ಮಧ್ಯಾಹ್ನದವಳು ಹೀರುತ್ತಿದ್ದಳು, ಅವಳು ಬಿಟ್ಟದ್ದನ್ನು ರಾತ್ರಿಯವಳು. "ಗಂಡನಿಗೆ ಕೊಟ್ಟಿದ್ದಕ್ಕಿಂತ ಈ ದರಿದ್ರಕ್ಕೇ ಜಾಸ್ತಿ ಮುತ್ತು ಕೊಟ್ಟಿದೀನಿ" ಎಂದು ಮಗ್ಗದ ಹೆಂಗಸರು ನಗುತ್ತಿದ್ದರು. ತಮ್ಮತಮ್ಮಲ್ಲಿ ಅವರಿಗೆ ಎಂಜಲಿರಲಿಲ್ಲ. ಕಾಲುವೆಯಾಚೆಯ ಬಾಯಿ ಮಾತ್ರ ಎಂಜಲು.

ಮುದುಕಿಯ ಅಕ್ಕನಿಗೆ ಹಿಂಜುವ ಕೋಣೆಯಲ್ಲಿ ಬಾಯಿಬಡಕಿ ಎಂದೇ ಹೆಸರು. ಮೇಸ್ತ್ರಿಗೆ ಎದುರು ಮಾತಾಡುತ್ತಿದ್ದವಳು ಅವಳೊಬ್ಬಳೇ. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ" ಎಂದು ತಂಗಿಗೆ ಹೇಳುತ್ತಿದ್ದಳು. ತಂಗಿ ಅದನ್ನು ನಂಬಿದ್ದಳು.

ಒಂದು ದಿನ ಅಕ್ಕ ಹತ್ತಿಯ ಬುಟ್ಟಿ ಹೊತ್ತು ಶೆಡ್ಡಿನ ಬಾಗಿಲ ಮುಂದೆ ಹಾಯುತ್ತಿದ್ದಾಗ ಮಗ್ಗದಿಂದ ಲಾಳಿಯೊಂದು ಚಿಮ್ಮಿ ಹೊರಗೆ ಬಂದು ಅವಳ ಕಾಲ ಬಳಿ ಬಿತ್ತು. ಅಕ್ಕ ಎತ್ತಿಕೊಂಡಳು. ಆ ಮಗ್ಗದವಳು ಹೊಸಿಲಿಗೆ ಬಂದಳು. ಗುಂಗುರು ಕೂದಲಿನ ದಪ್ಪ ಹೆಂಗಸು, ಎಲ್ಲರೂ ಗುಂಗುರು ಎನ್ನುತ್ತಿದ್ದರು. ಕೈ ಚಾಚಿದವಳು ಯಾರೆಂದು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ನೆಲದ ಮೇಲಿಡು."

ನೆಲದ ಮೇಲಿಡು ಎಂದದ್ದು ಅಕ್ಕನ ನೆತ್ತಿಗೇರಿತು. ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ತಂಗಿ ಬೇಡ ಬೇಡ ಎನ್ನುತ್ತಿದ್ದ ಹಾಗೇ ಅವಳು ಲಾಳಿಯನ್ನು ಬಾಯಿಗೆತ್ತಿದಳು.

"ಬಾಯಿ ಹಚ್ಬೇಡ!" ಗುಂಗುರು ಕಿರುಚಿದಳು. "ಥೂ! ಎಂಜಲು ಮಾಡಿಬಿಟ್ಲು! ಕಾಲುವೆಯಾಚೆಯ ಎಂಜಲು ನಾನು ಕುಡೀಬೇಕಾ?"

ನೂಲು ಒಂದೇ ಉಸಿರಿಗೆ ಬಂದಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ. ಮೇಸ್ತ್ರಿ ಇಕ್ಕಳ ತಂದ. ಲಾಳಿಯನ್ನು ಇಕ್ಕಳದಲ್ಲಿ ಹಿಡಿದು ಬಾಯ್ಲರಿನ ಬೆಂಕಿಗೆ ಹಾಕಿದ. "ಎಂಜಲಾದದ್ದು ಬೆಂಕಿಗೆ," ಎಂದ. ಆಮೇಲೆ ಅಕ್ಕನ ದವಡೆ ಅದುಮಿ ಹಿಡಿದು, ಕಸದ ಹತ್ತಿಯನ್ನು ಗಂಟಲ ತನಕ ತುರುಕಿ, ಗೇಟಿನ ಬಳಿ ನಿಲ್ಲಿಸಿದ. ಪಾಳಿ ಬಿಡುವ ತನಕ ನಿಲ್ಲಬೇಕು. ಹೋಗುವವರು ಬರುವವರು ನೋಡಬೇಕು. ಅಕ್ಕನ ಮೂಗು ಕಟ್ಟಿತ್ತು. ಉಸಿರಿಗಾಗಿ ಅವಳ ಹೊಟ್ಟೆ ಒಳಗೆ ಹೊರಗೆ ಆಗುತ್ತಿದ್ದುದನ್ನು ತಂಗಿ ಗೋಡೆಯ ಮರೆಯಿಂದ ನೋಡಿದಳು. ಉಚ್ಚೆ ಕಾಲ ಮೇಲೆ ಇಳಿದದ್ದನ್ನೂ ನೋಡಿದಳು. ಕಾವಲಿನವರು ನಕ್ಕರು.

ಮನೆಗೆ ಬಂದ ಮೇಲೆ ಅಕ್ಕ ಗಂಟಲಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಅಳಲಿಲ್ಲ. "ಒಂದಿನ ಆ ಶೆಡ್ಡಲ್ಲಿ ನಿಂತು, ಎಲ್ಲರೆದುರಿಗೆ ಹೀರ್ತೀನಿ. ನೋಡ್ತಿರು," ಎಂದಳು.

ಕೇಳುವುದನ್ನು ಅವಳು ಬಿಡಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತಳು, ಎಬ್ಬಿಸಿ ಅಟ್ಟಿದರು, ಮತ್ತೆ ಕೂತಳು. ನಮಗೂ ಮಗ್ಗ ಕೊಡಿ ಎಂಬುದು ಕಾಲುವೆಯಾಚೆಯ ಮಕ್ಕಳಿಗೂ ಬಾಯಿಪಾಠವಾಯಿತು. ಆನೆ ನಡೆದದ್ದೇ ದಾರಿ ಎಂಬಂತೆ ಮಿಲ್ಲು ನಡೆಯಿತು.

ಆಮೇಲೆ ನೆಲದ ನಡುಕ ಕಡಿಮೆಯಾಗತೊಡಗಿತು.

ಮಗ್ಗಗಳೆಲ್ಲ ಓಡುವಾಗ ಹಿಂಜುವ ಕೋಣೆಯ ನೆಲ ನಡುಗುತ್ತಿತ್ತು. ಬರಿಗಾಲಿನಲ್ಲಿ ದುಡಿಯುವವರಿಗೆ ಅದು ಗೊತ್ತು. ಆ ನಡುಕ ದಿನೇ ದಿನೇ ಇಳಿಯಿತು. ಮಗ್ಗದವರು ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸುತ್ತಿದ್ದಾರಂತೆ ಎಂದರು. ಉಳಿದವರು ಕೆಲಸ ನಿಲ್ಲಿಸಿ, ನೂಲು ಎಳೆಯಲು ತಂತಿಯ ಕೊಕ್ಕೆ ಕೊಡಿ ಎಂದು ಹಟ ಹಿಡಿದಿದ್ದಾರಂತೆ ಎಂದರು. "ಬಾಯಿ ಸವೀತಾ ಅವರಿಗೆ?" ಎಂದು ಇವರು ನಕ್ಕರು. ಯಾಕೆಂದು ಯಾರೂ ಕೇಳಲಿಲ್ಲ. ಒಂದು ಬೆಳಗ್ಗೆ ನೆಲ ಪೂರ್ತಿ ಸುಮ್ಮನಾಯಿತು. ತಂಗಿಗೆ ಅಂಗಾಲಿನಿಂದ ಚಳಿ ಹತ್ತಿದ ಹಾಗಾಯಿತು.

ಅವತ್ತೇ ದೊಡ್ಡ ಯಜಮಾನ ಹಿಂಜುವ ಕೋಣೆಗೆ ಬಂದ. ಅದುವರೆಗೆ ಅವನ ನೆರಳೂ ಅಲ್ಲಿ ಬಿದ್ದಿರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದ. "ಇನ್ಮೇಲೆ ನಮ್ಮ ಮಿಲ್ಲಲ್ಲಿ ಆಚೆ ಈಚೆ ಅನ್ನೋದಿಲ್ಲ. ಮನುಷ್ಯರೆಲ್ಲ ಒಂದೇ. ನಾಳೆಯಿಂದ ಮಗ್ಗ ನಿಮ್ಮದು."

ಗೇಟಿನಲ್ಲಿ ಅಳದಿದ್ದ ಅಕ್ಕ ಅವತ್ತು ಅತ್ತಳು. ಕಾಲುವೆಯಾಚೆ ಮನೆಮನೆಗೆ ಸಕ್ಕರೆ ಹಂಚಿದಳು.

ಮಾರನೆಯ ದಿನ ಗೇಟಿನ ಹೊರಗೆ ಗುಂಗುರು ನಿಂತಿದ್ದಳು. ದಪ್ಪ ಹೆಂಗಸು ಇಳಿದುಹೋಗಿದ್ದಳು, ಬಟ್ಟೆ ಮೈಮೇಲೆ ನೇತಾಡುತ್ತಿತ್ತು. ಅಕ್ಕನನ್ನು ಕಂಡವಳೇ ಕಾವಲಿನವರನ್ನು ತಳ್ಳಿಕೊಂಡು ಮುಂದೆ ಬಂದಳು.

"ಬಾಯಿ ಹಚ್ಬೇಡ! ಏ, ಲಾಳಿಗೆ ಬಾಯಿ ಹಚ್ಬೇಡ ಕಣೇ!"

ಅಕ್ಕ ನಿಂತಳು. ಅದೇ ಹೆಂಗಸು. ಅದೇ ಮಾತು. ಅಕ್ಕನ ಗಂಟಲಲ್ಲಿ ಹತ್ತಿ ಮತ್ತೆ ತುಂಬಿಕೊಂಡಿರಬೇಕು.

"ಹೊಟ್ಟೆ ಉರೀತಾ? ಉರೀಲಿ," ಎಂದಳು. ಒಳಗೆ ಹೋಗಿ ಮಗ್ಗದ ಮುಂದೆ ನಿಂತು, ಬಾಗಿಲ ತನಕ ಕೇಳುವ ಹಾಗೆ ಲಾಳಿ ಹೀರಿದಳು. ಬೇಕಿಲ್ಲದಾಗಲೂ ಹೀರಿದಳು. ಕಾಲುವೆಯಾಚೆಯವರೆಲ್ಲ ಚಪ್ಪಾಳೆ ತಟ್ಟಿದರು. ತಂಗಿಯೂ ತಟ್ಟಿದಳು.

ಚಳಿ ಕಳೆಯುವ ಹೊತ್ತಿಗೆ ಅಕ್ಕನಿಗೆ ಕೆಮ್ಮು ಹತ್ತಿತು. ಬಟ್ಟೆಯಲ್ಲಿ ರಕ್ತ ಕಂಡಿತು. ಊರಾಚೆಯ ದೊಡ್ಡಾಸ್ಪತ್ರೆಗೆ ತಂಗಿ ಕರೆದುಕೊಂಡು ಹೋದಳು. ವಾರ್ಡಿನ ಬಾಗಿಲಲ್ಲಿ ಇಬ್ಬರೂ ನಿಂತುಬಿಟ್ಟರು. ಸಾಲು ಮಂಚಗಳಲ್ಲಿ ಇದ್ದದ್ದು ಮಗ್ಗದ ಶೆಡ್ಡು. ಅದೇ ಹೆಂಗಸರು. ಕೊನೆಯ ಮಂಚದಲ್ಲಿ ಗುಂಗುರು. ತಲೆಯಲ್ಲಿ ಗುಂಗುರು ಉಳಿದಿರಲಿಲ್ಲ.

"ಹೇಳಿದ್ನಲ್ಲೇ," ಎಂದಳು ಅವಳು. "ಡಾಕ್ಟ್ರು ಯಜಮಾನ್ರಿಗೆ ಮುಂಚೇನೇ ಹೇಳಿದ್ರು. ಈ ಕೆಮ್ಮು ಲಾಳಿಯಿಂದಾನೇ ಒಬ್ಬರಿಂದ ಒಬ್ಬರಿಗೆ ಹತ್ತೋದು ಅಂತ. ಅದಕ್ಕೇ ನಾವು ಕೊಕ್ಕೆ ಕೇಳಿದ್ವಿ. ಅದಕ್ಕೇ ನಿಮ್ಮನ್ನ ಒಳಗೆ ಬಿಟ್ಟಿದ್ದು."

"ಅದೇ ಮಾತಲ್ಲಿ ಹೇಳಿದ್ಯಲ್ಲೇ ಪಾಪಿ," ಎಂದಳು ಅಕ್ಕ. "ನಾನು ಹೇಗೆ ತಿಳ್ಕೊಳ್ಳಲಿ?"

ಗುಂಗುರು ಬಹಳ ಹೊತ್ತು ಕೆಮ್ಮಿದಳು. "ನಿಮ್ಮ ಹತ್ರ ಆಡೋಕೆ ನನಗೆ ಬೇರೆ ಮಾತೇ ಗೊತ್ತಿರಲಿಲ್ಲ," ಎಂದಳು.

ಮುದುಕಿ ಇಲ್ಲಿಗೆ ನಿಲ್ಲಿಸಿದಳು. ಮೊಮ್ಮಗಳು ನೆಲದ ಮೇಲಿದ್ದ ಲಾಳಿಯನ್ನು ನೋಡುತ್ತಿದ್ದಳು.

"ಆಮೇಲೆ?"

"ಆಮೇಲೇನು. ಮತ್ತೆ ಮಗ್ಗಕ್ಕೇ ಹೋದ್ಲು. ಹೊಟ್ಟೆ ಕೇಳ್ಬೇಕಲ್ಲ. ತಂತಿ ಬಗ್ಗಿಸಿ ಒಂದು ಕೊಕ್ಕೆ ಮಾಡ್ಕೊಂಡಿದ್ಲು. ಮೇಸ್ತ್ರಿ ಕಿತ್ಕೊಂಡು ಮುರಿದ. ಕೊಕ್ಕೆ ನಿಧಾನ, ಬಾಯಿ ಬೇಗ ಅಂದ."

"ನೀನೂ ಪಕ್ಕದ ಮಗ್ಗದಲ್ಲೇ ಇದ್ಯಲ್ಲ ಅಜ್ಜಿ. ನಿನಗೇನೂ ಆಗ್ಲಿಲ್ವಾ?"

ಮುದುಕಿ ನೀರು ಕಾಯಿಸಲು ಹಿತ್ತಲಿಗೆ ಎದ್ದುಹೋದಳು.

ಉದ್ಘಾಟನೆಯ ದಿನ ಶೆಡ್ಡು ಹೊಳೆಯುತ್ತಿತ್ತು. ಒಂದು ಮಗ್ಗಕ್ಕೆ ಎಣ್ಣೆ ಬಿಟ್ಟು ಓಡುವ ಹಾಗೆ ಮಾಡಿದ್ದರು. ಗೋಡೆಯ ಮೇಲೆ ದೊಡ್ಡ ಬೋರ್ಡು: "ಒಂದೇ ಲಾಳಿ, ಎಲ್ಲರ ತುಟಿ. ಭೇದ ಅರಿಯದ ಮಿಲ್ಲು." ಜನಕ್ಕೆ ಹೇಳಲೆಂದು ಅದನ್ನು ಮೊಮ್ಮಗಳು ಎಷ್ಟೋ ಸಲ ಓದಿ ಅಭ್ಯಾಸ ಮಾಡಿದ್ದಳು. ಇವತ್ತು ಓದಲಾರದೆ ತಲೆ ತಗ್ಗಿಸಿ ನಿಂತಳು. ಮುದುಕಿಯನ್ನು ಮಗ್ಗದ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ತೊಡೆಯ ಮೇಲೆ ಲಾಳಿ. ಮಗ್ಗ ಓಡಿಸಿದರು. ನೆಲ ನಡುಗಿತು. ಮುದುಕಿ ಎರಡೂ ಕಾಲನ್ನು ನೆಲದಿಂದ ಮೇಲೆತ್ತಿದಳು.

ಸಣ್ಣ ಯಜಮಾನ ಮಾತಾಡಿದ. ದೊಡ್ಡ ಯಜಮಾನನ ಮೊಮ್ಮಗ. ಚೆಂದದ ಹುಡುಗ, ನಗುಮುಖ. ಊರೆಲ್ಲ ಭೇದ ಮಾಡುತ್ತಿದ್ದ ಕಾಲದಲ್ಲಿ ತನ್ನ ತಾತ ಕಾಲುವೆಯಾಚೆಯವರಿಗೆ ಮಗ್ಗ ಕೊಟ್ಟರು ಎಂದ. ಆ ಪುಣ್ಯಾತ್ಮರ ಕೈಯಿಂದ ಮಗ್ಗ ಪಡೆದ ತಾಯಿ ಇಲ್ಲೇ ಇದ್ದಾರೆ ಎಂದ. ಜನ ಚಪ್ಪಾಳೆ ತಟ್ಟಿದರು. ಮಗ್ಗ ನಿಲ್ಲಿಸಿದರು.

"ಎಲ್ಲಿ ಅಜ್ಜಿ, ಒಂದು ಮುತ್ತು?" ಮ್ಯಾನೇಜರ್ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಹೀರುವ ಸದ್ದು ಎಲ್ಲರಿಗೂ ಕೇಳಬೇಕಂತೆ.

ಮುದುಕಿ ಲಾಳಿಯನ್ನು ಎತ್ತಿ ಸಣ್ಣ ಯಜಮಾನನ ಕಡೆ ಚಾಚಿದಳು. "ಮೊದಲು ನೀನು ಕೊಡಪ್ಪ. ತಾತ ಕೊಟ್ಟಿದ್ದಲ್ವಾ?"

ಜನ ನಕ್ಕರು. ಅಜ್ಜಿ ಜೋರಿದ್ದಾಳೆ ಎಂದರು. ಸಣ್ಣ ಯಜಮಾನನೂ ನಕ್ಕ. ಕ್ಯಾಮೆರಾಗಳು ತಿರುಗಿದವು. ಅವನು ಲಾಳಿಯನ್ನು ತೆಗೆದುಕೊಂಡು, ಕರವಸ್ತ್ರದಿಂದ ಒರೆಸಿ, ತುಟಿಯ ಹತ್ತಿರ ತಂದ.

"ಸರ್! ಬಾಯಿ ಹಚ್ಬೇಡಿ!"

ಮ್ಯಾನೇಜರ್. ಮೈಕು ಅವನ ಕೈಯಲ್ಲೇ ಇತ್ತು. ಮಾತು ಶೆಡ್ಡಿನ ತಗಡಿಗೆ ಬಡಿದು ಎಲ್ಲರ ಕಿವಿಗೆ ಬಿತ್ತು. "ಗಲೀಜು ಸರ್ ಅದು... ಯಾರ್ಯಾರದೋ ಬಾಯಿ..." ಎಂದವನಿಗೆ ತಾನೇನು ಹೇಳುತ್ತಿದ್ದೇನೆಂದು ಆಗ ಹೊಳೆಯಿತು. ಮೈಕು ಕೆಳಗಿಳಿಸಿದ.

ಮುದುಕಿ ಕುರ್ಚಿ ಹಿಡಿದು ಎದ್ದಳು. ಸಣ್ಣ ಯಜಮಾನನ ಕೈಯಿಂದ ಲಾಳಿ ವಾಪಸು ತೆಗೆದುಕೊಂಡಳು.

"ನಿನಗೆ ಹೇಳೋರಿದ್ದಾರೆ ಮಗಾ," ಎಂದಳು. "ನಮ್ಮಕ್ಕನಿಗೆ ಹೀಗೆ ಹೇಳೋರು ಈ ಮಿಲ್ಲು ನಡೆಸೋರಲ್ಲಿ ಯಾರೂ ಇರಲಿಲ್ಲ. ನಿಮ್ಮ ತಾತನಿಗೆ ಡಾಕ್ಟ್ರು ಹೇಳಿದ್ರು. ಗೊತ್ತಿದ್ದೂ ಬಾಗಿಲು ತೆಗೆದ. ಸಾಯೋದಕ್ಕೆ ಮಾತ್ರ ಆಚೆ ಈಚೆ ಇಲ್ಲ ಅಂದ."

"ಅಜ್ಜಿ, ನಿಮಗೆ ಸುಸ್ತಾಗಿದೆ," ಮ್ಯಾನೇಜರ್ ತೋಳು ಹಿಡಿದ. "ಸುಮ್ನೆ ಒಂದ್ಸಲ ಎಳೆದುಬಿಡಿ. ಮುಗೀತು."

"ನನಗೆ ಬರಲ್ಲ."

"ಅಯ್ಯೋ, ಇಷ್ಟು ವರ್ಷ ಮಾಡಿ..."

"ಮಾಡಿಲ್ಲ." ಮುದುಕಿ ನೋಡುತ್ತಿದ್ದದ್ದು ಮೊಮ್ಮಗಳನ್ನು. "ನನಗೆ ಮಗ್ಗ ಸಿಕ್ಕಿದ್ದೇ ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ, ಅವಳು ನನಗೆ ಬಾಯಿ ಹಚ್ಚೋಕೆ ಬಿಡಲಿಲ್ಲ. ನನ್ನ ಮಗ್ಗದ ಲಾಳಿನೂ ಅವಳೇ ಹೀರಿ ಕೊಡ್ತಿದ್ಲು. ಎರಡು ಮಗ್ಗಕ್ಕೆ ಒಂದೇ ಬಾಯಿ. ಹೀರೋದು, ಕೆಮ್ಮೋದು, ಮತ್ತೆ ಹೀರೋದು. ನಾನು ಅಳ್ತಾ ಕೇಳಿದ್ರೆ, ನನ್ನದು ಹೇಗೂ ಹೋಯ್ತು ಕಣೇ ಅಂತಿದ್ಲು. ಕೊನೆಗೆ ಕಂಪನಿಗೇ ತಂತಿ ಕೊಕ್ಕೆ ಬರೋ ತನಕ ಎಳೆದ್ಲು. ಬಂದ ವಾರವೇ ಸತ್ಲು. ಇದನ್ನ ಹೀರೋದು ಗೊತ್ತಿದ್ದವರು ಒಬ್ರೂ ಉಳಿದಿಲ್ಲ. ನಾನು ಉಳಿದಿರೋದೇ ಇದು ಗೊತ್ತಿಲ್ಲದ್ದಕ್ಕೆ."

ಸಣ್ಣ ಯಜಮಾನ ಕೆಳಗೆ ನೋಡಿದ. ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಮ್ಯಾನೇಜರ್‌ಗೆ ಮಾತ್ರ ಕಾರ್ಯಕ್ರಮ ಮುಗಿಸಬೇಕಿತ್ತು. ಮೊಮ್ಮಗಳ ಕಡೆ ತಿರುಗಿ ಹಲ್ಲು ಕಚ್ಚಿ ಹೇಳಿದ, "ನೀನು ಬಾಮ್ಮ. ನೀನು ಮಾಡು. ಕೆಲಸ ಬೇಕೋ ಬೇಡ್ವೋ?"

ಹುಡುಗಿಗೆ ಕೆಲಸ ಬೇಕಿತ್ತು. ಆ ಊದಿದ ಕಾಲುಗಳಿಗೆ ರಾತ್ರಿ ಎಣ್ಣೆ ತಿಕ್ಕಿದವಳು ಮುದುಕಿಯೇ. ಮೊಮ್ಮಗಳು ಬಂದಳು. ಎದೆಯ ಮೇಲಿನ ಕಂಪನಿಯ ಬಿಲ್ಲೆ ಬಿಚ್ಚಿ ಮಗ್ಗದ ಮೇಲಿಟ್ಟಳು.

"ನನಗೂ ಬರಲ್ಲ," ಎಂದಳು. ಅಜ್ಜಿಯ ಕೈ ಹಿಡಿದು ನಡೆಸಿಕೊಂಡು ಹೊರಟಳು. ಲಾಳಿ ಮುದುಕಿಯ ಕೈಯಲ್ಲೇ ಇತ್ತು. ಅಷ್ಟು ಕ್ಯಾಮೆರಾಗಳ ಮುಂದೆ ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ.

ಮನೆಗೆ ಬಂದವರೇ ಹಿತ್ತಲಿನ ನೀರೊಲೆಗೆ ಬೆಂಕಿ ಹಾಕಿದರು. ಮುದುಕಿ ಲಾಳಿಯನ್ನು ಒಳಗೆ ತಳ್ಳಿದಳು. "ಎಂಜಲಾದದ್ದು ಬೆಂಕಿಗೆ. ಅವರದೇ ಕಾನೂನು," ಎಂದಳು. ಎಣ್ಣೆ ಕುಡಿದ ಹಳೆಯ ಮರ ಚೆನ್ನಾಗಿ ಉರಿಯಿತು. ಮೊಮ್ಮಗಳು ಅಜ್ಜಿಯ ಪಕ್ಕ ಮಂಡಿಗೆ ಗಲ್ಲ ಊರಿ ಕೂತಳು. ನಾಳೆ ಏನು ಎಂದು ಇಬ್ಬರೂ ಕೇಳಲಿಲ್ಲ.

ಉರಿ ಇಳಿಯುವ ಹೊತ್ತಿಗೆ ಹೊರಗೆ ಗಾಡಿ ನಿಂತಿತು. ಬೂಟಿನ ಸದ್ದು. ಒಬ್ಬರದಲ್ಲ, ಹಲವರದು. ಬಾಗಿಲು ಬಡಿದರು.

"ಅಜ್ಜಿ, ಲಾಳಿ ಕೊಡಿ. ಅದು ಕಂಪನಿ ಸ್ವತ್ತು," ಮ್ಯಾನೇಜರ್‌ನ ದನಿ. "ಈ ಮನೇನೂ ಕಂಪನೀದೇ ಅನ್ನೋದು ನೆನಪಿರಲಿ."

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು. ಮುದುಕಿ ಇಕ್ಕಳ ತೆಗೆದುಕೊಂಡು ಬೂದಿ ಕೆದಕಿದಳು. ಕಬ್ಬಿಣದ ಮೊನೆಗಳೆರಡೂ ಕೆಂಪಗೆ ಹೊಳೆಯುತ್ತಿದ್ದವು. ಒಂದೊಂದಾಗಿ ಎತ್ತಿ ತಗಡಿನ ಮೇಲಿಟ್ಟಳು.

"ಬಾಗಿಲು ತೆಗಿ ಕೂಸೇ," ಎಂದಳು. "ಉಳಿದಿರೋದು ಇಷ್ಟೇ, ತಗೊಂಡು ಹೋಗ್ಲಿ. ಬಿಸಿ ಇದೆ, ಬಾಯಿ ಹಚ್ಬೇಡಿ ಅಂತ ಹೇಳು."